ಮನೆಯಲ್ಲಿರುವ ಪರವಾನಗಿ ಬಂದೂಕು ಮತ್ತು ಮಕ್ಕಳ ಸುರಕ್ಷತೆ: ಹಾವೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ತಾಲೂಕುಗಳ ಪಾಲಕರಿಗಾಗಿ ಮಾಹಿತಿ

ಪೀಠಿಕೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿದ್ದು, ಇಲ್ಲಿನ ಬಹುಪಾಲು ಕುಟುಂಬಗಳು ಕೃಷಿಯನ್ನೇ ಅವಲಂಬಿಸಿವೆ. ಈ ಭಾಗದಲ್ಲಿ ಬಂದೂಕು ಸಾಮಾನ್ಯವಾಗಿ ಎರಡು ಕಾರಣಗಳಿಂದ ಮನೆಗೆ ಬರುತ್ತದೆ. ಮೊದಲನೆಯದು ಬೆಳೆ ರಕ್ಷಣೆ, ಎರಡನೆಯದು ಆತ್ಮರಕ್ಷಣೆ. ರಾಣೆಬೆನ್ನೂರು ಸುತ್ತಲಿನ ಗೋವಿನಜೋಳದ ಹೊಲಗಳಲ್ಲಿ ಮೊದಲನೆಯ ಕಾರಣವೂ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಂತಹ ವ್ಯಾಪಾರ ಸ್ಥಳಗಳಲ್ಲಿ ಎರಡನೆಯ ಕಾರಣವೂ ಅರ್ಜಿಗಳಲ್ಲಿ ನಮೂದಾಗುವುದು ಸಹಜ. ವ್ಯಾಪಾರದ ಹಣವು ಬಹುಮಟ್ಟಿಗೆ ಬ್ಯಾಂಕ್ ಖಾತೆಗಳ ಮೂಲಕವೇ ಸಂದಾಯವಾಗುತ್ತಿರುವ ಈ ದಿನಗಳಲ್ಲಿ ಎರಡನೆಯ ಕಾರಣದ ಬಲ ಮೊದಲಿನಷ್ಟಿಲ್ಲವೆಂದು ಹೇಳಬಹುದು.

ಪರವಾನಗಿಯನ್ನು ನೀಡುವುದು ಒಬ್ಬ ವ್ಯಕ್ತಿಗೆ. ಬಂದೂಕು ಇರುವುದಾದರೋ ಹೆಂಡತಿ, ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲರೂ ವಾಸಿಸುವ ಮನೆಯಲ್ಲಿ. ಅರ್ಜಿ, ಪೊಲೀಸ್ ವರದಿ, ನವೀಕರಣ ಮುಂತಾದ ವಿಷಯಗಳ ಬಗ್ಗೆ ಪರವಾನಗಿದಾರರಿಗೆ ಸಾಕಷ್ಟು ತಿಳಿವಳಿಕೆ ಇರುತ್ತದೆ. ಅದೇ ಮನೆಯ ಮಕ್ಕಳ ತಾಯಿಗೆ ಅಥವಾ ಪಕ್ಕದ ಮನೆಯ ಪಾಲಕರಿಗೆ ಕಾನೂನು ಏನು ಹೇಳುತ್ತದೆ, ತಾವು ಏನನ್ನು ಕೇಳಬಹುದು ಎಂಬುದು ತಿಳಿದಿರುವುದು ಕಡಿಮೆ. ಈ ಕಾರಣದಿಂದ ವಿಷಯವನ್ನು ಪಾಲಕರ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಹಿನ್ನೆಲೆ

ಆಯುಧ ನಿಯಂತ್ರಣವು ಈ ನಾಡಿಗೆ ಹೊಸದಲ್ಲ. 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ನು ವಿರೋಧಿಸಿ ಹಲಗಲಿಯ ಬೇಡರು ಅದೇ ವರ್ಷ ದಂಗೆ ಎದ್ದದ್ದೂ, 1858ರಲ್ಲಿ ನರಗುಂದದ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ನಿಂತದ್ದೂ ಉತ್ತರ ಕರ್ನಾಟಕದಲ್ಲಿ ಎಲ್ಲರಿಗೂ ತಿಳಿದ ಇತಿಹಾಸ. ಆಳುವವರು ತಮ್ಮ ರಕ್ಷಣೆಗಾಗಿ ಮಾಡಿಕೊಂಡ ಆ ಕಾನೂನಿನ ಜಾಡಿನಲ್ಲಿಯೇ 1878ರ ಆಯುಧ ಕಾಯಿದೆ ಬಂದಿತು. ಸ್ವಾತಂತ್ರ್ಯಾನಂತರ ಸಂಸತ್ತು ಆಯುಧ ಅಧಿನಿಯಮ, 1959ನ್ನು ಅಂಗೀಕರಿಸಿತು. ಸದರಿ ಅಧಿನಿಯಮವು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, 2019ರಲ್ಲಿ ಅದಕ್ಕೆ ಮಹತ್ವದ ತಿದ್ದುಪಡಿಗಳಾಗಿವೆ. ಪರವಾನಗಿಯ ಕಾರ್ಯವಿಧಾನವನ್ನು ಆಯುಧ ನಿಯಮಗಳು, 2016 ನಿರ್ಧರಿಸುತ್ತವೆ.

ಕೊಡಗಿನಲ್ಲಿ ಪರವಾನಗಿ ಇಲ್ಲದೆಯೇ ಕೋವಿ ಇಟ್ಟುಕೊಳ್ಳುತ್ತಾರೆ, ಇಲ್ಲಿ ಮಾತ್ರ ಏಕೆ ಇಷ್ಟು ಕಟ್ಟುನಿಟ್ಟು ಎಂಬ ಪ್ರಶ್ನೆ ಏಳುವುದುಂಟು. ಆ ವಿನಾಯಿತಿಯು ಕೊಡವರಿಗೆ ಹಾಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ ಸೀಮಿತವಾದದ್ದು. ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು ಹತ್ತು ವರ್ಷಗಳ ಅವಧಿಗೆ ಮುಂದುವರಿಸಿದೆ. ಹಾವೇರಿ ಜಿಲ್ಲೆಯ ರೈತರಿಗೆ ಅದು ಅನ್ವಯಿಸುವುದಿಲ್ಲ.

ಪರವಾನಗಿ ಯಾರಿಗೆ, ಎಷ್ಟು ಕಾಲಕ್ಕೆ

ಜಿಲ್ಲೆಯಲ್ಲಿ ಪರವಾನಗಿ ಪ್ರಾಧಿಕಾರಿಯು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳು. ಅರ್ಜಿ ಬಂದ ನಂತರ ಸಂಬಂಧಪಟ್ಟ ಪೊಲೀಸ್ ಠಾಣೆಯಿಂದ ವರದಿ ಪಡೆದು, ವಿಚಾರಣೆಯ ಬಳಿಕ ಆದೇಶ ಹೊರಡಿಸಲಾಗುತ್ತದೆ. ಬೆಳೆ ರಕ್ಷಣೆಗೆಂದು ಅಧಿನಿಯಮವು ಮೊದಲು ಹೆಸರಿಸುವುದು ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಪ್ರಾಧಿಕಾರಿಗೆ ಮನವರಿಕೆಯಾದಲ್ಲಿ ಬೇರೆ ನಯನಳಿಗೆಯ ಬಂದೂಕಿಗೂ ಪರವಾನಗಿ ನೀಡಬಹುದಾಗಿದೆ. ಅರ್ಜಿಯೊಡನೆ ದೈಹಿಕ ಹಾಗೂ ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರವನ್ನೂ, ಬಂದೂಕನ್ನು ಸುರಕ್ಷಿತವಾಗಿ ಬಳಸಿ ಭದ್ರವಾಗಿ ಇರಿಸುವ ಬಗ್ಗೆ ಮುಚ್ಚಳಿಕೆಯನ್ನೂ ಸಲ್ಲಿಸಬೇಕಾಗುತ್ತದೆ. ಆಯುಧ ಸುರಕ್ಷತಾ ತರಬೇತಿಗೂ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ. ಮುಚ್ಚಳಿಕೆಯು ಕಡತದಲ್ಲಿ ಸೇರಿಹೋಗುವ ಒಂದು ಕಾಗದವೆಂದು ಅನೇಕರು ಭಾವಿಸುತ್ತಾರೆ. ಮಕ್ಕಳಿರುವ ಮನೆಯ ಮಟ್ಟಿಗೆ ಇಡೀ ಅರ್ಜಿಯಲ್ಲಿ ಅತಿ ಮುಖ್ಯವಾದ ಕಾಗದ ಅದೇ.

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷಗಳು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿ ಇಲ್ಲದೆ ಬಂದೂಕು ಹೊಂದಿದಲ್ಲಿ ಎರಡು ವರ್ಷಕ್ಕೆ ಕಡಿಮೆ ಇಲ್ಲದ, ಐದು ವರ್ಷಗಳವರೆಗೆ ವಿಸ್ತರಿಸಬಹುದಾದ ಸೆರೆವಾಸ ಹಾಗೂ ದಂಡ ವಿಧಿಸಬಹುದಾಗಿದೆ.

ಬಂದೂಕು ಹೊಂದುವುದು ನಮ್ಮ ದೇಶದಲ್ಲಿ ಮೂಲಭೂತ ಹಕ್ಕಲ್ಲ. ಸಾರ್ವಜನಿಕ ಶಾಂತಿ ಅಥವಾ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ ಅವಶ್ಯವೆಂದು ಕಂಡುಬಂದಲ್ಲಿ ಪ್ರಾಧಿಕಾರಿಯು ಪರವಾನಗಿಯನ್ನು ನಿರಾಕರಿಸಬಹುದು. ಆದರೆ ಅರ್ಜಿದಾರರಿಗೆ ಸಾಕಷ್ಟು ಆಸ್ತಿ ಇಲ್ಲವೆಂಬ ಏಕೈಕ ಕಾರಣದಿಂದ ನಿರಾಕರಿಸುವಂತಿಲ್ಲ.

ಇಪ್ಪತ್ತೊಂದು ವರ್ಷದ ಮಿತಿ

ಅಧಿನಿಯಮದ ಕಲಂ 9ರ ಪ್ರಕಾರ 21 ವರ್ಷ ಪೂರ್ಣಗೊಳ್ಳದ ಯಾವುದೇ ವ್ಯಕ್ತಿಯು ಬಂದೂಕನ್ನಾಗಲಿ, ಮದ್ದುಗುಂಡುಗಳನ್ನಾಗಲಿ ಪಡೆಯುವಂತಿಲ್ಲ, ಹೊಂದುವಂತಿಲ್ಲ, ಒಯ್ಯುವಂತಿಲ್ಲ. ಮತದಾನಕ್ಕೆ 18 ವರ್ಷ ಸಾಕಾದರೂ ಬಂದೂಕಿಗೆ ಸಾಲದು. ಗುರಿ ಅಭ್ಯಾಸದ ಕ್ರೀಡೆಯಲ್ಲಿ ತೊಡಗಿದ ಕಿರಿಯರಿಗೆ ತರಬೇತಿಯ ಸಂದರ್ಭದಲ್ಲಿ, ನಿಗದಿತ ಷರತ್ತುಗಳಿಗೆ ಒಳಪಟ್ಟು ನೀಡಿರುವ ಸೌಲಭ್ಯವೊಂದೇ ಇದಕ್ಕೆ ಹೊರತು. ಹೊಲ ಕಾಯುವುದು ತರಬೇತಿಯ ವ್ಯಾಪ್ತಿಗೆ ಬರುವುದಿಲ್ಲ.

ಈ ಅಂಶವನ್ನು ಒತ್ತಿ ಹೇಳಲು ಕಾರಣವಿದೆ. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ಹಂದಿಗಳ ಕಾಟ ಹೆಚ್ಚುತ್ತದೆ. ಪೈರು ಎಳೆಯದಿರುವಾಗ ಕೃಷ್ಣಮೃಗಗಳ ಹಿಂಡು ಮೇಯುತ್ತದೆ. ಮನೆಯ ಯಜಮಾನರು ರಾತ್ರಿಯೆಲ್ಲ ಹೊಲದಲ್ಲಿರುತ್ತಾರೆ. ಅವರು ಊಟಕ್ಕೆಂದು ಮನೆಗೆ ಬಂದಾಗ ಅಥವಾ ಮೈ ಸರಿಯಿಲ್ಲದಾಗ ಕಾಲೇಜಿಗೆ ಹೋಗುವ ಮಗನನ್ನು ಕಾವಲಿಗೆ ಕಳುಹಿಸುತ್ತಾರೆ. ಬಂದೂಕು ಹೊಲದ ಅಟ್ಟಣಿಗೆಯಲ್ಲಿಯೇ ಉಳಿದಿರುತ್ತದೆ. ಯಾರೂ ಕೆಟ್ಟ ಉದ್ದೇಶದಿಂದ ಇದನ್ನು ಮಾಡುವುದಿಲ್ಲ. ಆದರೂ ಕಾನೂನಿನ ದೃಷ್ಟಿಯಲ್ಲಿ ಆ ಗಳಿಗೆಯಿಂದ ಹದಿನೇಳು ವರ್ಷದ ಹುಡುಗನೊಬ್ಬನ ವಶದಲ್ಲಿ ಬಂದೂಕು ಇದ್ದಂತಾಗುತ್ತದೆ, ಮತ್ತು ಅದನ್ನು ಕೊಟ್ಟ ತಂದೆಯೂ ಹೊಣೆಗಾರನಾಗುತ್ತಾನೆ. ಆಯುಧವನ್ನು ಪಡೆಯುವವನಿಗೆ ಅದನ್ನು ಹೊಂದುವ ಅರ್ಹತೆ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ವಶಕ್ಕೆ ಕೊಡುವುದನ್ನು ಕಲಂ 29 ಅಪರಾಧವೆಂದು ಪರಿಗಣಿಸುತ್ತದೆ. ಪರವಾನಗಿಯ ಷರತ್ತಿನ ಉಲ್ಲಂಘನೆಗೆ ಕಲಂ 30ರಡಿ ಪ್ರತ್ಯೇಕ ಶಿಕ್ಷೆಯಿದೆ.

ಶಿಕ್ಷೆಗಿಂತಲೂ ಮೊದಲು ಯೋಚಿಸಬೇಕಾದದ್ದು ಕತ್ತಲೆಯ ವಿಷಯ. ಆಳೆತ್ತರದ ಜೋಳದ ನಡುವೆ ಸಪ್ಪಳ ಕೇಳಿದಾಗ ಅದು ಹಂದಿಯೋ, ನೀರು ಹಾಯಿಸಲು ಬಂದ ಪಕ್ಕದ ಹೊಲದವರೋ, ಬುತ್ತಿ ತಂದ ಮನೆಯವರೋ ಎಂದು ಅನುಭವಸ್ಥರಿಗೂ ಹೇಳಲಾಗದು. ಗಾಬರಿಯಾದ ಹುಡುಗನಿಂದ ಆ ವಿವೇಚನೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರಂತೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಲ್ಲಿ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ. ಇಂತಹ ಪ್ರಕರಣಗಳಲ್ಲಿ ಸತ್ತವರೂ ಹೊಡೆದವರೂ ಒಂದೇ ಮನೆಯವರಾಗಿರುವ ಸಂಭವವೇ ಹೆಚ್ಚು.

ಅಭಯಾರಣ್ಯದ ಹತ್ತು ಕಿಲೋಮೀಟರ್

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವು 1974ರಲ್ಲಿ ಘೋಷಣೆಯಾಗಿದ್ದು, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರ ಹೊಂದಿದೆ. ಹುಲ್ಲತ್ತಿ, ಹುಣಸಿಕಟ್ಟಿ ಮತ್ತು ಅಲಗೇರಿ ಎಂಬ ಮೂರು ವಿಭಾಗಗಳಲ್ಲಿ ಹರಡಿರುವ ಈ ಪ್ರದೇಶದ ನಡುನಡುವೆ ಹಾಗೂ ಅಂಚಿನಲ್ಲಿ ರೈತರ ಹೊಲಗಳಿವೆ. ಕೃಷ್ಣಮೃಗಕ್ಕೆ ಬೇಲಿಯ ಗಡಿ ಗೊತ್ತಿಲ್ಲ. ರೈತರ ನಷ್ಟ ನಿಜವಾದದ್ದು.

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 34ರಂತೆ ಅಭಯಾರಣ್ಯದ ಒಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ತಮ್ಮ ಹೆಸರನ್ನು ನೋಂದಾಯಿಸಬೇಕಾಗಿದೆ. ಆ ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಹಮತಿ ಇಲ್ಲದೆ ಹೊಸ ಪರವಾನಗಿ ನೀಡುವಂತಿಲ್ಲ. ರಾಣೆಬೆನ್ನೂರು ತಾಲೂಕಿನ ಅರ್ಜಿಗಳು ಕೆಲವೊಮ್ಮೆ ತಡವಾಗುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಅರ್ಜಿದಾರರು ಗಮನಿಸತಕ್ಕದ್ದು. ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಆಯುಧದೊಂದಿಗೆ ಪ್ರವೇಶಿಸುವುದು ನಿಷಿದ್ಧ.

ಬೆಳೆ ರಕ್ಷಣೆಯ ಪರವಾನಗಿ ಎಂದರೆ ಬೇಟೆಯ ಪರವಾನಗಿ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕೃಷ್ಣಮೃಗವು ಅನುಸೂಚಿ 1ರಲ್ಲಿ ಸೇರಿದ್ದು, ಅದನ್ನು ಕೊಂದಲ್ಲಿ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸವೂ, 2022ರ ತಿದ್ದುಪಡಿಯಂತೆ ಕನಿಷ್ಠ 25,000 ರೂಪಾಯಿ ದಂಡವೂ ಇದೆ. ಕಾಡುಹಂದಿಯನ್ನೂ ಅಧಿಕೃತ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಹೀಗಿರುವಾಗ ಹೊಲದ ಬಂದೂಕಿನ ನಿಜವಾದ ಉಪಯೋಗ ಸದ್ದು ಮಾಡಿ ಬೆದರಿಸುವುದಷ್ಟೇ. ಅಷ್ಟಕ್ಕಾಗಿ ಮನೆಯೊಳಗೆ ಗುಂಡು ತುಂಬುವ ಆಯುಧವೊಂದು ಬೇಕೇ ಎಂಬ ಲೆಕ್ಕವನ್ನು ಪ್ರತಿ ಕುಟುಂಬವೂ ಹಾಕಿಕೊಳ್ಳುವುದು ಒಳ್ಳೆಯದು. ವನ್ಯಜೀವಿಗಳಿಂದಾದ ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ನೀಡುವ ವ್ಯವಸ್ಥೆಯಿದ್ದು, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹಾನಿಯ ಛಾಯಾಚಿತ್ರ ಹಾಗೂ ಪಹಣಿಯೊಡನೆ ತಡಮಾಡದೆ ಅರ್ಜಿ ಸಲ್ಲಿಸಬೇಕು.

ಬಂದೂಕಿನ ಬದಲು ಹಂದಿಗಳಿಗಾಗಿ ಸಿಡಿಮದ್ದಿನ ಉಂಡೆ ಇಡುವುದು, ಬೇಲಿಗೆ ವಿದ್ಯುತ್ ಹರಿಸುವುದು ಮತ್ತೂ ಅಪಾಯಕರ. ಸಿಡಿಮದ್ದನ್ನು ತಿನ್ನುವ ಪದಾರ್ಥದಲ್ಲಿ ಸುತ್ತಿಡುವುದರಿಂದ ದನಕರು ಮಾತ್ರವಲ್ಲ, ಹೊಲಕ್ಕೆ ಹೋದ ಮಕ್ಕಳೂ ಅದನ್ನು ಕೈಗೆತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಇದಕ್ಕೆ ಯಾವ ಪರವಾನಗಿಯೂ ಇಲ್ಲ. ಸ್ಫೋಟಕ ವಸ್ತುಗಳ ಕಾಯಿದೆ, 1908ರಡಿ ಇದು ಗಂಭೀರ ಅಪರಾಧ. ಮಂಗಗಳನ್ನು ಓಡಿಸಲು ಬಳಸುವ, ಪ್ಲಾಸ್ಟಿಕ್ ಕೊಳವೆಯ ಕಾರ್ಬೈಡ್ ಗನ್ ಎಂಬ ಸಾಧನವೂ ಆಟಿಕೆಯಲ್ಲ. 2025ರ ದೀಪಾವಳಿಯ ಸಂದರ್ಭದಲ್ಲಿ ಮಧ್ಯಪ್ರದೇಶದಲ್ಲಿ ಇದರಿಂದ ಅನೇಕ ಮಕ್ಕಳ ಕಣ್ಣುಗಳಿಗೆ ತೀವ್ರ ಹಾನಿಯಾಗಿದೆ.

ಮನೆಯಲ್ಲಿ ಇರಿಸುವ ಕ್ರಮ

ಬಂದೂಕು ಖಾಲಿಯಾಗಿರಬೇಕು, ಬೀಗದಲ್ಲಿರಬೇಕು. ತೋಟಾಗಳು ಬೇರೆ ಕಡೆ, ಬೇರೆ ಬೀಗದಲ್ಲಿರಬೇಕು. ಕೀಲಿಕೈ ಪರವಾನಗಿದಾರರ ಬಳಿಯೇ ಇರಬೇಕು. ದೇವರ ಕೋಣೆಯ ಗೂಡು, ಹಾಸಿಗೆಯ ಕೆಳಗೆ, ಬಾಗಿಲ ಹಿಂದಿನ ಗೂಟ ಇವು ಮಕ್ಕಳಿಗೆ ತಿಳಿಯದ ಜಾಗಗಳಲ್ಲ. ಹಿರಿಯರು ಮುಚ್ಚಿಟ್ಟ ಬೆಲ್ಲ ಎಲ್ಲಿದೆಯೆಂದು ತಿಳಿದ ಮಗುವಿಗೆ ಬಂದೂಕು ಎಲ್ಲಿದೆಯೆಂಬುದೂ ತಿಳಿದಿರುತ್ತದೆ.

ತೋಟಾ ಬಳಸುವ ಬಂದೂಕನ್ನು ತೆರೆದು ನೋಡಿದರೆ ಖಾಲಿಯೋ ಅಲ್ಲವೋ ಗೊತ್ತಾಗುತ್ತದೆ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕಿನಲ್ಲಿ ಈ ಅನುಕೂಲವಿಲ್ಲ. ಒಮ್ಮೆ ಮದ್ದು, ಚರೆ ಇಡಿದ ಮೇಲೆ ಹೊರಗಿನಿಂದ ಯಾವ ಗುರುತೂ ಕಾಣದು. ಕೇಪು ತೆಗೆದುಬಿಟ್ಟರೆ ಸಾಕೆಂದು ತುಂಬಿದ ಬಂದೂಕನ್ನೇ ಮೂಲೆಯಲ್ಲಿ ನಿಲ್ಲಿಸುವ ರೂಢಿ ಕೆಲವೆಡೆ ಇದೆ. ಇದು ಸರಿಯಲ್ಲ. ಮದ್ದು ಇಡಿಯುವ ಕೋಲನ್ನು ನಳಿಗೆಯೊಳಗೆ ಇಳಿಸಿ, ಅದು ತಳ ಮುಟ್ಟುತ್ತದೆಯೇ ಎಂದು ಅಳೆದು ನೋಡುವುದು ಹಳೆಯ ಹಾಗೂ ನಂಬಲರ್ಹ ವಿಧಾನ. ಖಾಲಿ ನಳಿಗೆಯಲ್ಲಿ ಕೋಲು ಎಲ್ಲಿಯವರೆಗೆ ಇಳಿಯುವುದೋ ಅಲ್ಲಿ ಒಂದು ಗೆರೆ ಹಾಕಿಟ್ಟುಕೊಂಡಲ್ಲಿ ಸಂದೇಹಕ್ಕೆ ಎಡೆಯಿರುವುದಿಲ್ಲ.

ಮದ್ದನ್ನು ಒಲೆ, ದೀಪ, ವಿದ್ಯುತ್ ತಂತಿಗಳಿಂದ ದೂರದಲ್ಲಿ, ಪರವಾನಗಿಯಲ್ಲಿ ನಮೂದಿಸಿದ ಪ್ರಮಾಣವನ್ನು ಮೀರದಂತೆ ಇಡಬೇಕು. 2023ರ ಆಗಸ್ಟ್‌ನಲ್ಲಿ ಹಾವೇರಿ ತಾಲೂಕಿನ ಆಲದಕಟ್ಟಿಯ ಪಟಾಕಿ ದಾಸ್ತಾನು ಮಳಿಗೆಯಲ್ಲಿ ಬೆಂಕಿ ಹತ್ತಿ ಕೆಲಸಗಾರರು ಪ್ರಾಣ ಕಳೆದುಕೊಂಡ ಘಟನೆ ಈ ಭಾಗದವರಿಗೆ ನೆನಪಿರುತ್ತದೆ. ಮನೆಯ ಡಬ್ಬಿಯಲ್ಲಿರುವ ಮದ್ದು ಪ್ರಮಾಣದಲ್ಲಿ ಅಲ್ಪವೇ ಆದರೂ ಕಿಡಿ ತಗುಲಿದರೆ ಹತ್ತಿಕೊಳ್ಳುವ ಗುಣದಲ್ಲಿ ವ್ಯತ್ಯಾಸವಿಲ್ಲ.

ತೋಟಾಗಳಿಗೆ ಒಂದು ಸಣ್ಣ ಲೆಕ್ಕದ ಪುಸ್ತಕ ಇಡುವುದು ಉಪಯುಕ್ತ. ಖರೀದಿ, ಬಳಕೆ, ಶಿಲ್ಕು ಎಂಬ ಮೂರು ಅಂಕಣಗಳು ಸಾಕು. ಕಿರಾಣಿ ಅಂಗಡಿಯ ದಾಸ್ತಾನಿನಲ್ಲಿ ಎರಡು ಸಾಬೂನು ಕಡಿಮೆಯಾದರೆ ನಷ್ಟ ಇಪ್ಪತ್ತೋ ಐವತ್ತೋ ರೂಪಾಯಿ. ಇಲ್ಲಿ ಎರಡು ತೋಟಾ ಕಡಿಮೆಯಾದರೆ ಅವು ಯಾರ ಕಿಸೆಯಲ್ಲಿವೆ ಎಂದು ಅಂದೇ ಹುಡುಕಬೇಕಾಗುತ್ತದೆ. ಬಂದೂಕು ಕಳುವಾದಲ್ಲಿ ಅಥವಾ ಕಳೆದುಹೋದಲ್ಲಿ ವಿಳಂಬವಿಲ್ಲದೆ ಸಮೀಪದ ಠಾಣೆಗೆ ತಿಳಿಸುವುದು ಕಡ್ಡಾಯ.

ಯಜಮಾನರಿಲ್ಲದ ಮನೆಯ ಬಂದೂಕು

ಪರವಾನಗಿದಾರರು ಮೃತಪಟ್ಟ ಕೂಡಲೇ ಅವರ ಪರವಾನಗಿಯ ಆಧಾರದ ಮೇಲೆ ಇನ್ನೊಬ್ಬರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ. ಉತ್ತರಕ್ರಿಯೆ, ವಾರಸಾ ದಾಖಲೆ, ಬ್ಯಾಂಕ್ ಖಾತೆ ಎಲ್ಲವೂ ಮುಗಿದ ಮೇಲೂ ಅಜ್ಜನ ಬಂದೂಕು ಅಟ್ಟದ ಮೇಲೆ ಹಾಗೆಯೇ ಉಳಿಯುತ್ತದೆ. ಅದರಲ್ಲಿ ಮದ್ದು ಇದೆಯೇ ಇಲ್ಲವೇ ಎಂದು ಬಲ್ಲವರು ಈಗಿಲ್ಲ. ರಜೆಯಲ್ಲಿ ಊರಿಗೆ ಬಂದ ಮೊಮ್ಮಕ್ಕಳ ಕೈಗೆ ಅದು ಸಿಗುತ್ತದೆ. ಯಾರ ಹೆಸರಿನಲ್ಲಿಯೂ ಇಲ್ಲದ ಬಂದೂಕಿನ ಬಗ್ಗೆ ಯಾರೂ ಜಾಗ್ರತೆ ವಹಿಸದಿರುವುದರಿಂದ, ಪಾಲಕರು ಹೆಚ್ಚು ಎಚ್ಚರದಿಂದಿರಬೇಕಾದದ್ದು ಇದರ ವಿಷಯದಲ್ಲಿಯೇ.

ಕಲಂ 21ರಂತೆ ಇಂತಹ ಬಂದೂಕನ್ನು ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಆಯುಧ ವರ್ತಕರಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಆ ನಂತರ ಅರ್ಹ ವಾರಸುದಾರರು ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಪರವಾನಗಿದಾರರು ಬದುಕಿರುವಾಗಲೇ, 70 ವರ್ಷ ತುಂಬಿದ ಮೇಲೆ ಅಥವಾ 25 ವರ್ಷ ಬಂದೂಕು ಹೊಂದಿದ ಮೇಲೆ, ವಾರಸುದಾರರಿಗೆ ಪರವಾನಗಿ ನೀಡಲು ಕೋರುವ ಅವಕಾಶವೂ 2016ರ ನಿಯಮಗಳಲ್ಲಿದೆ. ತಾವಾಗಿಯೇ ತಂದು ಒಪ್ಪಿಸಿದರೆ ಕೇಸು ಹಾಕುತ್ತಾರೆಂಬ ಅಂಜಿಕೆಯಿಂದ ಕೆಲವರು ಬಂದೂಕನ್ನು ಬಾವಿಗೆ ಎಸೆಯುವುದು, ಹೊಲದಲ್ಲಿ ಹೂಳುವುದು ಮಾಡುತ್ತಾರೆ. ಇದರಿಂದ ದಾಖಲೆಯಲ್ಲಿ ಬಂದೂಕು ಉಳಿದು, ಮುಂದೆ ಉತ್ತರ ಹೇಳಬೇಕಾದವರು ಮಕ್ಕಳೇ ಆಗುತ್ತಾರೆ. ಪ್ರತಿ ಪರವಾನಗಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ವಿಶಿಷ್ಟ ಗುರುತಿನ ಸಂಖ್ಯೆ ಇದೆಯೆಂಬುದನ್ನು ಮರೆಯಬಾರದು.

ಹಬ್ಬ ಮತ್ತು ಮದುವೆ

ಮಹಾನವಮಿಯ ಖಂಡೆ ಪೂಜೆಯಲ್ಲಿ ಬಂದೂಕನ್ನೂ ಇಟ್ಟು ಪೂಜಿಸುವ ಮನೆಗಳಿವೆ. ಇದಕ್ಕೆ ಯಾವ ಆಕ್ಷೇಪವೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಬಂದೂಕು ಮಕ್ಕಳ ಕೈಯಳತೆಗೆ ಬರುವ ದಿನವೂ ಅದೇ ಆದ್ದರಿಂದ, ಪೂಜೆಗೆ ಇಡುವ ಮುನ್ನ ಖಾಲಿ ಇರುವುದನ್ನು ಪರೀಕ್ಷಿಸಿ, ಪೂಜೆ ಮುಗಿದೊಡನೆ ಬೀಗದಲ್ಲಿ ಇಡತಕ್ಕದ್ದು. ಮದುವೆ, ಮೆರವಣಿಗೆ, ಜಾತ್ರೆಗಳಲ್ಲಿ ಸಂಭ್ರಮಕ್ಕಾಗಿ ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದಲ್ಲಿ 2019ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಅನ್ಯ ದೇಶಗಳ ಅನುಭವ

1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ವ್ಯಕ್ತಿಯು 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಗುಂಡಿಟ್ಟು ಕೊಂದನು. ಅವನ ಬಂದೂಕುಗಳು ಪರವಾನಗಿ ಪಡೆದವೇ ಆಗಿದ್ದವು. ಮಕ್ಕಳನ್ನು ಕಳೆದುಕೊಂಡ ಪಾಲಕರೂ ಊರಿನವರೂ ಸಹಿ ಸಂಗ್ರಹಿಸಿ ಒತ್ತಾಯಿಸಿದ ಫಲವಾಗಿ 1997ರಲ್ಲಿ ಬ್ರಿಟನ್ ಸಂಸತ್ತು ಕೈಬಂದೂಕುಗಳನ್ನು ನಿಷೇಧಿಸಿತು. 2021ರ ನವೆಂಬರ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಶಾಲೆಯಲ್ಲಿ 15 ವರ್ಷದ ವಿದ್ಯಾರ್ಥಿಯೊಬ್ಬನು ನಾಲ್ವರು ಸಹಪಾಠಿಗಳನ್ನು ಕೊಂದಾಗ, ಬಂದೂಕನ್ನು ತಂದಿದ್ದ ತಂದೆ ಹಾಗೂ ತಾಯಿ ಇಬ್ಬರಿಗೂ 2024ರಲ್ಲಿ ನ್ಯಾಯಾಲಯವು ಕನಿಷ್ಠ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. 2023ರ ಮೇ ತಿಂಗಳಲ್ಲಿ ಸರ್ಬಿಯಾದ ಬೆಲ್‌ಗ್ರೇಡ್ ಶಾಲೆಯಲ್ಲಿ ಗುಂಡು ಹಾರಿಸಿದ 13 ವರ್ಷದ ಬಾಲಕನ ಕೈಯಲ್ಲಿದ್ದದ್ದೂ ತಂದೆಯ ಬಂದೂಕೇ. ನಮ್ಮ ಜಿಲ್ಲೆಯ ಪರಿಸ್ಥಿತಿಯನ್ನು ಈ ದೇಶಗಳೊಡನೆ ಹೋಲಿಸಲಾಗದು. ಆದರೆ ಎರಡು ಪ್ರಕರಣಗಳಲ್ಲಿ ಮಕ್ಕಳ ಕೈಗೆ ಬಂದೂಕು ಬಂದದ್ದು ಸ್ವಂತ ಮನೆಯಿಂದಲೇ ಎಂಬ ಅಂಶ ಎಲ್ಲ ಊರಿನ ಪಾಲಕರಿಗೂ ಸಂಬಂಧಿಸಿದ್ದು.

ಚುನಾವಣೆಯ ಸಂದರ್ಭ

ಮಾದರಿ ನೀತಿ ಸಂಹಿತೆ ಜಾರಿಯಲ್ಲಿರುವಾಗ ಜಿಲ್ಲಾ ಪರಿಶೀಲನಾ ಸಮಿತಿಯ ನಿರ್ಣಯದಂತೆ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಸೂಚಿಸಲಾಗುತ್ತದೆ. ಜಿಲ್ಲೆಯಲ್ಲಿ 2023ರ ಮೇ 10ರ ವಿಧಾನಸಭಾ ಚುನಾವಣೆ, 2024ರ ಮೇ 7ರ ಲೋಕಸಭಾ ಚುನಾವಣೆ, 2024ರ ನವೆಂಬರ್ 13ರ ಶಿಗ್ಗಾವಿ ಉಪಚುನಾವಣೆ ಹೀಗೆ ಒಂದರ ಹಿಂದೆ ಒಂದು ಬಂದದ್ದರಿಂದ ಇದು ತೊಂದರೆಯೆಂದು ರೈತರಿಗೆ ಅನಿಸುವುದು ಸಹಜ. ಬೆಳೆ ನಿಂತಿರುವ ಕಾಲದಲ್ಲಿ ಬಂದೂಕು ಅನಿವಾರ್ಯವೆನಿಸಿದವರು ಕಾರಣ ಸಹಿತ ವಿನಾಯಿತಿಗೆ ಮನವಿ ಸಲ್ಲಿಸಬಹುದು. ಮಕ್ಕಳಿರುವ ಮನೆಯವರು ಚುನಾವಣೆ ಇಲ್ಲದಾಗಲೂ, ಬೆಳೆ ಇಲ್ಲದ ತಿಂಗಳುಗಳಲ್ಲಿ ಅಥವಾ ದೂರದ ಊರಿಗೆ ಹೋಗುವಾಗ, ಪರವಾನಗಿ ಪಡೆದ ವರ್ತಕರಲ್ಲಿ ಬಂದೂಕನ್ನು ಸುರಕ್ಷಿತವಾಗಿ ಇರಿಸಬಹುದೆಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ಪಾಲಕರು ದೂರು ನೀಡುವ ಬಗ್ಗೆ

ಪರವಾನಗಿದಾರರು ಮದ್ಯಪಾನ ಮಾಡಿ ಬಂದೂಕು ತೋರಿಸಿ ಬೆದರಿಸುತ್ತಿದ್ದರೆ, ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರೆ ಅಥವಾ ಬಂದೂಕನ್ನು ಮಕ್ಕಳ ಕೈಗೆ ಕೊಡುತ್ತಿದ್ದರೆ, ಮನೆಯವರೇ ಆಗಲಿ ನೆರೆಯವರೇ ಆಗಲಿ ಲಿಖಿತವಾಗಿ ತಿಳಿಸಬಹುದು. ಕಲಂ 17ರಂತೆ ಪರವಾನಗಿಯನ್ನು ಅಮಾನತುಗೊಳಿಸುವ ಅಥವಾ ರದ್ದುಪಡಿಸುವ ಅಧಿಕಾರ ಪ್ರಾಧಿಕಾರಿಗೆ ಇದೆ. ಹೆಂಡತಿಯು ಗಂಡನ ವಿರುದ್ಧ ಇಂತಹ ಅರ್ಜಿ ಕೊಡುವುದು ಎಷ್ಟು ಕಷ್ಟವೆಂಬುದನ್ನು ಬಲ್ಲ ಅಧಿಕಾರಿಗಳು, ಪರವಾನಗಿ ಹಾಗೂ ನವೀಕರಣದ ಪೊಲೀಸ್ ವರದಿಯ ಹಂತದಲ್ಲಿಯೇ ಮನೆಯ ಹೆಣ್ಣುಮಕ್ಕಳನ್ನೂ ವಿಚಾರಿಸಿದಲ್ಲಿ ಉತ್ತಮ. ಆ ಸಮಯದಲ್ಲಿ ಬಂದೂಕನ್ನು ಎಲ್ಲಿ ಇಡಲಾಗುತ್ತದೆಂದು ಪಾಲಕರೂ ನಿಸ್ಸಂಕೋಚವಾಗಿ ಹೇಳಬಹುದು.

ಅರ್ಜಿ ಹಾಗೂ ದೂರುಗಳನ್ನು ಹಾವೇರಿಯ ದೇವಗಿರಿಯಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಗೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ಅಥವಾ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ಸಂಬಂಧಪಟ್ಟ ಪೊಲೀಸ್ ಠಾಣೆಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ತುರ್ತು ಸಂದರ್ಭದಲ್ಲಿ 112ಕ್ಕೆ, ಮಕ್ಕಳಿಗೆ ಸಂಬಂಧಿಸಿದ ಅಪಾಯವಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದಾಗಿದೆ.